ಹೊರಬದಿಯ ಮೂಳೆ

ಟೆನಿಸ್ ಆಡುವವರ ನಡುವೆ ತಂಗಿಗೆ ‘ಉಡ’ ಎಂದೇ ಹೆಸರು. ಹಿಡಿದದ್ದನ್ನು ಬಿಡುವ ಪೈಕಿಯಲ್ಲ. ವೃತ್ತಿಗೆ ಇಳಿದ ಹನ್ನೊಂದು ವರ್ಷಗಳಲ್ಲಿ ಅವಳಿಗೆ ಜ್ವರ ಬಂದಿತ್ತು, ಬೆನ್ನು ಹಿಡಿದುಕೊಂಡಿತ್ತು, ಒಮ್ಮೆಯಂತೂ ಅಂಕಣದ ಮೂಲೆಗೆ ಓಡಿ ಬಕೆಟ್ಟಿಗೆ ವಾಂತಿ ಮಾಡಿ, ಬಾಯಿ ಒರೆಸಿಕೊಂಡು ಬಂದು ಸರ್ವ್ ಮಾಡಿದ್ದಳು. ಪಂದ್ಯವನ್ನು ಮಾತ್ರ ಒಂದು ಸಲವೂ ಅರ್ಧಕ್ಕೆ ಬಿಟ್ಟವಳಲ್ಲ.

ಅವಳ ಮೈ ನೋಡಿಕೊಳ್ಳುತ್ತಿದ್ದವಳು ಅಕ್ಕ. ಫಿಸಿಯೊಥೆರಪಿ ಓದಿ, ಆರು ವರ್ಷಗಳಿಂದ ತಂಗಿಯ ಜೊತೆ ಊರೂರು ಸುತ್ತುತ್ತಿದ್ದಳು. ಈಚೆಗೆ ದಿನಾ ಬೆಳಿಗ್ಗೆ ಹೋಟೆಲಿನ ಮಂಚದ ತುದಿಯಲ್ಲಿ ಕೂತು ತಂಗಿಯ ಪಾದವನ್ನು ತೊಡೆಯ ಮೇಲಿಟ್ಟುಕೊಂಡು, ನೋಯುತ್ತಿದೆ ಎಂದು ಅವಳು ಹೇಳಿದ ಕಾಲಿನ ಗಿಣ್ಣಿಗೆ ಪಟ್ಟಿ ಸುತ್ತುತ್ತಿದ್ದಳು.

ಅಂದು ಮೂರನೇ ಸೆಟ್. ಗೆಲುವಿಗೆ ಇನ್ನು ಎರಡು ಗೇಮ್ ಬೇಕು. ಎಡಬದಿಗೆ ಬಿದ್ದ ಚೆಂಡಿಗೆ ತಂಗಿ ಚಾಚಿ ಓಡಿದಳು. ಟಕ್ ಎಂದಿತು. ಮೂರನೇ ಸಾಲಿನಲ್ಲಿ ಕೂತಿದ್ದ ಅಕ್ಕನಿಗೆ ಕೇಳಿಸಿತು. ರಾಕೆಟ್ಟು ನೆಲಕ್ಕೆ ತಗುಲಿರಬೇಕು ಅಂದುಕೊಂಡಳು. ತಂಗಿ ಒಂಟಿ ಕಾಲಲ್ಲಿ ನಿಂತು ಸಾವರಿಸಿಕೊಂಡಳು. ಓಡಾಟ ಬಿಟ್ಟು, ನಿಂತಲ್ಲೇ ನಿಂತು ಚೆಂಡನ್ನು ಗೆರೆಗಳಿಗೆ ಬಾರಿಸುತ್ತಾ ಎರಡೂ ಗೇಮ್ ಮುಗಿಸಿದಳು. ಎದುರಾಳಿಯ ಕೈ ಕುಲುಕಿದಳು, ಜನರಿಗೆ ಕೈ ಬೀಸಿದಳು, ನೆಟ್ಟಗೆ ನಡೆದು ಒಳದಾರಿ ಸೇರಿದಳು. ಕ್ಯಾಮೆರಾ ಕಣ್ಣು ತಪ್ಪಿದ ತಿರುವಿನಲ್ಲಿ ಗೋಡೆ ಹಿಡಿದು ಕುಸಿದಳು.

ಚಿಕಿತ್ಸಾ ಕೊಠಡಿಯಲ್ಲಿ ವಯಸ್ಸಾದ ಡಾಕ್ಟರಮ್ಮ ಎಕ್ಸ್‌ರೇಯನ್ನು ಪರದೆಗೆ ಹಾಕಿದರು.

“ಪಾದದ ಹೊರಬದಿ ಮೂಳೆ. ಪೂರ್ತಿ ಮುರಿದಿದೆ.”

“ಈಗ, ಆಡ್ತಾ ಇದ್ದಾಗ ಆಗಿದ್ದು. ನನಗೆ ಸದ್ದು ಕೇಳಿಸ್ತು,” ಎಂದಳು ಅಕ್ಕ.

“ಮುರಿದಿದ್ದು ಈಗ. ಬಿರುಕು ಬಿಟ್ಟಿದ್ದು ಯಾವಾಗಲೋ. ಸುತ್ತ ಹೊಸ ಮೂಳೆ ಬೆಳೆಯೋಕೆ ನೋಡಿದೆ, ಕಾಣ್ತಿದೆಯಾ? ತಿಂಗಳಿಗೆ ಕಡಿಮೆ ಇಲ್ಲ.” ಅವರು ಕನ್ನಡಕದ ಮೇಲಿಂದ ನೋಡಿದರು. “ಇವರ ಕಾಲು ನೋಡ್ಕೊಳ್ಳೋರು ಯಾರು?”

ಅಕ್ಕ ಲೆಕ್ಕ ಹಾಕಿದಳು. ತಿಂಗಳಿಗೆ ಮೂವತ್ತು ಬೆಳಿಗ್ಗೆ. ಮೂವತ್ತು ಸಲ ಆ ಪಾದ ತನ್ನ ಕೈಯಲ್ಲಿತ್ತು! ಡಾಕ್ಟರಮ್ಮ ಹೊರಗೆ ಹೋಗುವವರೆಗೂ ಅವಳು ಪರದೆಯಿಂದ ಕಣ್ಣು ಕೀಳಲಿಲ್ಲ.

“ನಿನಗೆ ಗೊತ್ತಿತ್ತಾ?”

ತಂಗಿ ಚಾವಣಿ ನೋಡುತ್ತಾ ಮಲಗಿದ್ದಳು. “ಗೊತ್ತಿತ್ತು. ಕಳೆದ ತಿಂಗಳು ನೀನು ಬಟ್ಟೆ ಒಗೆಸೋಕೆ ಹೋದಾಗ ಸ್ಕ್ಯಾನ್ ಮಾಡಿಸ್ಕೊಂಡು ಬಂದೆ.”

“ನಾನು ಒತ್ತಿ ನೋಡ್ತಿದ್ದೆನಲ್ಲೇ! ನೋವಾಗ್ಲಿಲ್ವಾ?”

“ಪ್ರಾಣ ಹೋಗ್ತಿತ್ತು. ಅದಕ್ಕೇ ನಗಿಸ್ತಿದ್ದೆ.”

ಅಕ್ಕ ಪಕ್ಕದ ಸ್ಟೂಲಿನ ಮೇಲೆ ಕುಕ್ಕರಿಸಿದಳು. ನಿಜ. ಬೆರಳು ಪಾದದ ಅಂಚಿಗೆ ಹೋದಾಗಲೆಲ್ಲ ತಂಗಿ ಯಾರದಾದರೂ ಅಣಕ ಶುರು ಮಾಡುತ್ತಿದ್ದಳು. ಅಂಪೈರನ ಕೆಮ್ಮು, ಚಿಕ್ಕಮ್ಮನ ಫೋನ್ ಮಾತು. ಹೊಟ್ಟೆ ಹಿಡಿದುಕೊಂಡು ನಗುವಾಗ ಅಕ್ಕನ ಕೈ ಸಡಿಲವಾಗುತ್ತಿತ್ತು.

“ನನಗೊಂದು ಮಾತು ಹೇಳೋಕೆ ಏನಾಗಿತ್ತು ನಿನಗೆ? ಬೈತೀನಿ ಅಂತಾನಾ?”

“ನೀನೇ ಅಲ್ವಾ ಹೇಳಿದ್ದು.” ತಂಗಿಯ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಅಕ್ಕನಿಗೆ ಇನ್ನೂ ಭಯ ಹುಟ್ಟಿಸಿತು. “ನನಗೆ ಹದಿಮೂರು. ಮೀನಖಂಡ ಹಿಡಿದು ಪಂದ್ಯ ಬಿಟ್ಟು ಬಂದೆ. ಕಾರಲ್ಲಿ ನೀನಂದೆ, ‘ಇನ್ನೊಂದ್ಸಲ ಅರ್ಧಕ್ಕೆ ಎದ್ದು ಬಂದ್ರೆ ನನ್ನನ್ನ ಅಕ್ಕ ಅಂತ ಕರೀಬೇಡ.’”

“ನಾನಾ? ನಾನು ಹಾಗಂದಿಲ್ಲ!”

“ಅಂದೆ, ಅಕ್ಕ.”

ಅಕ್ಕ ಹೊರಗೆ ಬಂದು ಓಣಿಯ ಕಿಟಕಿಯ ಹತ್ತಿರ ನಿಂತು ಅಮ್ಮನಿಗೆ ಫೋನ್ ಹಚ್ಚಿದಳು. ಕಾಲಿನ ಸುದ್ದಿಯನ್ನೂ ಹೇಳದೆ ಮೊದಲು ಅದನ್ನೇ ಕೇಳಿದಳು.

ಅಮ್ಮನಿಗೆ ನೆನಪಿತ್ತು. “ನೀನು ಅಂದಿದ್ದೆ ಕಣೇ. ನಾನು ಮುಂದಿನ ಸೀಟಲ್ಲಿದ್ದೆ. ತಮಾಷೆಗೆ ಅಂತಿದ್ದೀಯ ಅಂದ್ಕೊಂಡು ನಾನೂ ನಕ್ಕೆ. ಯಾಕೆ, ಈಗೇನಾಯ್ತು?”

ಏನಾಯ್ತು ಎಂದು ಹೇಳಲು ಅಕ್ಕನಿಗೆ ಐದು ನಿಮಿಷ ಹಿಡಿಯಿತು.

ಗಾಲಿಕುರ್ಚಿ ತಳ್ಳಿಕೊಂಡು ಒಳಗೆ ಬಂದಳು. “ನಡಿ, ರೆಫರಿ ಕೋಣೆಗೆ. ನಾಳಿನ ಪಂದ್ಯ ಆಡಲ್ಲ ಅಂತ ಸಹಿ ಹಾಕು.”

“ಒಂದು ಇಂಜೆಕ್ಷನ್ ತಗೊಂಡ್ರೆ...”

“ಆಡಿದ್ರೆ ಮಾತ್ರ ನನ್ನನ್ನ ಅಕ್ಕ ಅನ್ಬೇಡ,” ಎಂದು ಬಾಯಿಗೆ ಬಂದದ್ದನ್ನು ಅಕ್ಕ ಅಲ್ಲೇ ನುಂಗಿಕೊಂಡಳು. “ನೀನು ಆಡಿದ್ರೂ, ಬಿಟ್ರೂ ನಾನು ಅಕ್ಕನೇ ಕಣೇ. ಸಹಿ ಹಾಕು.”

ರೆಫರಿ ಆ ಹಾಳೆಯನ್ನು ಎರಡು ಸಲ ಓದಿದ. “ಉಡ ಆಡಲ್ವಾ?” ಎಂದು ಅಕ್ಕನನ್ನು ಕೇಳಿದ. ತಂಗಿಯೇ “ಇಲ್ಲ” ಎಂದಳು. ಆಮೇಲೆ, ಅಷ್ಟು ಹೊತ್ತು ತಡೆದಿದ್ದವಳು, ಅವನ ಮೇಜಿಗೆ ತಲೆಯಿಟ್ಟು ಗೊಳೋ ಎಂದು ಅತ್ತಳು.

ಮೂಳೆಗೆ ತಿರುಪು ಹಾಕಿದರು. ಏಳು ತಿಂಗಳು ಆಟವಿಲ್ಲ. ಕಾಲು ನೋಡಿಕೊಳ್ಳಲು ಅಕ್ಕ ಬೇರೊಬ್ಬರನ್ನು ಗೊತ್ತು ಮಾಡಿದಳು. ನಗಿಸಿದರೂ ನಗದ ಒಬ್ಬ ಗಂಟುಮೋರೆಯ ಹೆಂಗಸನ್ನೇ ಹುಡುಕಿದ್ದಳು.