ರೈಟ್ ಅಂದರೆ ಹೊರಡು

ನನ್ನ ಮಗನ ಲಾಂಡ್ರಿಗೆ ಬರುವುದೆಲ್ಲ ಆಸ್ಪತ್ರೆಗಳ ಬೆಡ್‌ಶೀಟುಗಳು. ಹರಿದ ಅಂಚುಗಳಿಗೆ ಹೊಲಿಗೆ ಹಾಕುತ್ತ ನಾನು ಕಿಟಕಿಯ ಪಕ್ಕ ಕೂತಿರುತ್ತೇನೆ. ಮನೆಯಲ್ಲೇ ಕೂತರೆ ಸೊಸೆಗೆ ನನ್ನ ಉಪದೇಶ ಜಾಸ್ತಿಯಾಗುತ್ತದೆಂದು ನಾನೇ ಕಂಡುಕೊಂಡ ಉಪಾಯ ಇದು.

ಇಸ್ತ್ರಿ ಯಂತ್ರದಿಂದ ಹೊರಬಂದ ಬಿಸಿ ಬಟ್ಟೆಯನ್ನು ಇಬ್ಬರು ಎದುರುಬದುರು ನಿಂತು ಮಡಿಸಬೇಕು. ಹೊರದೇಶದಿಂದ ಬಂದ ಇಬ್ಬರು ಹೆಂಗಸರು ವರ್ಷಗಳಿಂದ ಆ ಕೆಲಸ ಮಾಡುತ್ತಿದ್ದರು. ಅಷ್ಟರಲ್ಲಿ ಹೊಸ ಕಾನೂನು ಬಂತು. ಹೊರಗಿನವರೊಬ್ಬರನ್ನು ಇಟ್ಟುಕೊಳ್ಳಬೇಕಾದರೆ ಜೊತೆಗೆ ಊರಿನವರೊಬ್ಬರಿಗೆ ಕೆಲಸ ಕೊಟ್ಟಿರಬೇಕು. ಕಿರಿಯವಳು ಪರ್ಮಿಟ್ ಮುಗಿದು ಹೊರಟುಹೋದಳು. ಉಳಿದವಳು ಹಿರಿಯವಳು, ನಾವೆಲ್ಲ ಅಕ್ಕ ಎಂದೇ ಕರೆಯುವವಳು. ತಿಂಗಳ ಕೊನೆಯೊಳಗೆ ಅವಳ ಎದುರು ನಿಲ್ಲುವವರು ಸಿಗದಿದ್ದರೆ ಅವಳೂ ಹೊರಡಬೇಕಿತ್ತು.

ಉದ್ಯೋಗ ಕಚೇರಿಯವರು ಜನರನ್ನು ಕಳಿಸಿದರು. ಕೆಲಸ ಕಲಿಯುವಷ್ಟು ಕಾಲ ಅರ್ಧ ಸಂಬಳ ತಾವೇ ಕೊಡುತ್ತೇವೆಂದರು. ಬಂದವರು ಸೆಕೆಗೆ ನಿಲ್ಲಲಿಲ್ಲ. "ಆವೀಲಿ ಬೇಯೋಕೆ ನಾನೇನು ಆಲೂಗಡ್ಡೆನಾ?" ಎಂದು ಒಬ್ಬ ಮಧ್ಯಾಹ್ನಕ್ಕೇ ಎದ್ದು ನಡೆದ.

ಆಮೇಲೆ ಬಂದವಳು ಕಂಡಕ್ಟರಮ್ಮ. ಬಸ್ಸುಗಳಿಗೆ ಟಿಕೆಟ್ ಯಂತ್ರ ಬಂದು ಅವಳ ಕೆಲಸ ಹೋಗಿತ್ತು.

"ಸೆಕೆ ತಡ್ಕೋತೀಯೇನಮ್ಮ?" ಎಂದೆ.

"ತುಂಬಿದ ಬಸ್ಸಿಗಿಂತ ಇದೇ ವಾಸಿ, ಅಮ್ಮಾವ್ರೇ. ಸೋಪಿನ ವಾಸನೆನಾದ್ರೂ ಇದೆ."

ಮೊದಲ ಬೆಡ್‌ಶೀಟು ಹಿಡಿದವಳೇ ಅಭ್ಯಾಸಬಲದಿಂದ "ರೈಟ್" ಎಂದು ಕೂಗಿದಳು. ಅಕ್ಕ ಬಲಕ್ಕೆ ಸರಿದಳು. "ರೈಟ್, ರೈಟ್!" ಅಕ್ಕ ಇನ್ನೂ ಬಲಕ್ಕೆ ಸರಿದು ಗೋಡೆಗೆ ತಾಗಿದಳು. ಬಟ್ಟೆ ಹಗ್ಗದಂತೆ ಹುರಿಗೊಂಡಿತು. ನನ್ನ ಮಗ ಹಣೆ ಉಜ್ಜಿಕೊಂಡ.

"ಬಲಗಡೆ ಅಲ್ಲ ಅಕ್ಕಾ," ಎಂದಳು ಕಂಡಕ್ಟರಮ್ಮ. "ರೈಟ್ ಅಂದ್ರೆ ಹೊರಡು ಅಂತ. ಹೊರಡು."

ಅಕ್ಕನ ಕೈಯಿಂದ ಬಟ್ಟೆ ಜಾರಿತು. ನಮ್ಮ ಭಾಷೆ ಅವಳಿಗೆ ಅಷ್ಟಕ್ಕಷ್ಟೆ. ಆದರೆ ಆ ತಿಂಗಳಿಡೀ ಎಲ್ಲರ ಬಾಯಲ್ಲಿ ಕೇಳಿದ್ದ ಆ ಒಂದು ಮಾತು ಚೆನ್ನಾಗಿ ಗೊತ್ತಿತ್ತು.

"ಹೊರಡು? ನಾನು?"

ಕಂಡಕ್ಟರಮ್ಮ ತಟ್ಟನೆ ಬಗ್ಗಿದಳು. ಬಿದ್ದ ಬಟ್ಟೆಯನ್ನು ಎತ್ತಿ ಕೊಡವಿ, ಅದರ ಅಂಚನ್ನು ಅಕ್ಕನ ಕೈಗೆ ಕೊಟ್ಟು, ತನ್ನ ತುದಿಗೆ ಹೋಗಿ ನಿಂತಳು. ಬಸ್ಸಿನಲ್ಲಿ ಕೂಗಿದ ಗಂಟಲೇ ಇದಲ್ಲವೇನೋ ಎಂಬಷ್ಟು ಮೆಲ್ಲಗೆ, "ಬಾ," ಎಂದಳು.

ಅಕ್ಕ ಬಂದಳು. ಅಂಚಿಗೆ ಅಂಚು ಕೂಡಿತು.

ಆಮೇಲೆ ಅಕ್ಕ ಯಂತ್ರದ ಬಿಸಿ ಬಡಿಯುವ ಕಡೆ ತಾನು ಹೋಗಿ ನಿಂತಳು. ಹೊಸಬಳಿಗೆ ಗಾಳಿಯ ಕಡೆ ಬಿಟ್ಟಳು. ನಾನು ನೋಡಿದೆ. ಕಂಡಕ್ಟರಮ್ಮನೂ ನೋಡಿದಳು.

ಹಳೆಯ ನಾಲಿಗೆ ಒಂದೇ ದಿನಕ್ಕೆ ಬದಲಾಗುತ್ತದೆಯೇ? "ರೈ..." ಎಂದು ಶುರು ಮಾಡಿ, ತುಟಿ ಕಚ್ಚಿ, "ಬಾ" ಎನ್ನುತ್ತಿದ್ದಳು. ಅಕ್ಕ ಅದನ್ನೂ ನಮ್ಮ ಭಾಷೆಯ ಒಂದು ಪದವೆಂದುಕೊಂಡು ತಾನೂ "ರೈಬಾ" ಎನ್ನತೊಡಗಿದಳು. ವಾರ ಕಳೆಯುವುದರೊಳಗೆ ಇಡೀ ಲಾಂಡ್ರಿಗೆ ಅದೇ ಪದ. ನನ್ನ ಮಗ ಊಟಕ್ಕೆ ಕರೆಯುವುದೂ ಹಾಗೆಯೇ.

ತಿಂಗಳ ಕೊನೆಗೆ ಕಚೇರಿಯಿಂದ ಅಧಿಕಾರಿ ಬಂದರು. ಬಾಗಿಲ ಬಳಿ ನಿಂತು ನೋಡಿದರು. ರೈಬಾ, ರೈಬಾ, ಬೆಡ್‌ಶೀಟುಗಳ ಅಟ್ಟಿ ಗೋಡೆ ಕಟ್ಟಿದಂತೆ ಏರುತ್ತಿತ್ತು.

"ಅದ್ಯಾವ ಭಾಷೆ?"

"ಲಾಂಡ್ರಿ ಭಾಷೆ, ಸಾರ್," ಎಂದಳು ಕಂಡಕ್ಟರಮ್ಮ, ಕೈ ನಿಲ್ಲಿಸದೆ.

"ನೀವೂ ನಾಲ್ಕು ದಿನ ಇದ್ದು ಹೋಗೋರಾ?"

"ಡಿಪೋ ಮುಟ್ಟೋ ತನಕ ನಾನು ಯಾವತ್ತೂ ಬಸ್ಸು ಇಳಿದೋಳಲ್ಲ."

ಅಧಿಕಾರಿ ನಕ್ಕು, ಅಕ್ಕನ ಪರ್ಮಿಟ್ಟಿಗೆ ಅಲ್ಲೇ ಮುದ್ರೆ ಒತ್ತಿದರು. ಅಕ್ಕ ಆ ಕಾಗದವನ್ನು ತಾನು ಇಟ್ಟುಕೊಳ್ಳಲಿಲ್ಲ. ಮೊದಲು ಕಂಡಕ್ಟರಮ್ಮನ ಕೈಗೆ ಕೊಟ್ಟು ತೋರಿಸಿದಳು.

ಸಂಜೆ ಇಬ್ಬರೂ ಲಾಂಡ್ರಿಯ ನೀಲಿ ಕೋಟಿನಲ್ಲೇ ಬಸ್ಸಿಗೆ ಹೊರಟಿದ್ದರು.

"ಕೋಟು ಬಿಚ್ಚಿಟ್ಟು ಹೋಗ್ರಮ್ಮ, ಸೆಕೆ," ಎಂದೆ.

"ಇರ್ಲಿ ಬಿಡಿ ಅಮ್ಮಾವ್ರೇ," ಎಂದು ಕಂಡಕ್ಟರಮ್ಮ ತನ್ನ ಕಾಲರು ಸರಿಮಾಡಿಕೊಂಡು, ಅಕ್ಕನದನ್ನೂ ಸರಿಮಾಡಿದಳು. "ಬಸ್ಸಿನೋರೆಲ್ಲ ನೋಡ್ಲಿ."