ಕಡೇ ಗಾಡಿಯ ದೀಪದ ಸರ

ನಾನು ಕಬ್ಬಿನ ಟ್ರೇಲರಿಗೆ ಕಟ್ಟಿದ ದೀಪದ ಸರ ಎಷ್ಟು ಬೆಳಗಿತ್ತೆಂದರೆ, ಮೇಲೆ ಹೋಗುತ್ತಿದ್ದ ವಿಮಾನವೊಂದು ಇದೇ ನಿಲ್ದಾಣವೆಂದು ತಿಳಿದು ನಮ್ಮ ಉಗಾರ ಖುರ್ದಕ್ಕೆ ಇಳಿಯಲು ಬಂದಿತ್ತು. ಪೈಲಟ್ ಕಿಟಕಿಯಿಂದ ತಲೆ ಹೊರಹಾಕಿ, "ಸಿದರಾಯಣ್ಣಾ, ಗಾಲಿ ಇಳಸ್ಲ್ಯಾ?" ಎಂದು ಕೇಳಿದ. ನಾನೇ ಕೈ ಬೀಸಿ, "ಬ್ಯಾಡೋ ತಮ್ಮಾ, ಹೊಲದಾಗ ಇನ್ನೂ ಕಬ್ಬಿನ ಕೂಳಿ ಐತಿ, ಪಂಕ್ಚರ್ ಆಗ್ತೈತಿ" ಎಂದು ಮುಂದೆ ಕಳಿಸಿದೆ.

ನಂಬಿಕೆ ಬರಲಿಲ್ಲವೇ? ಪೂರ್ತಿ ಕೇಳಿ, ಆಮೇಲೆ ಬೈಯಿರಿ.

ಎರಡು ಸಾವಿರದ ಹದಿನಾರನೆಯ ಇಸವಿ. ಕಬ್ಬಿನ ಹಂಗಾಮು ಮುಗಿಯುವ ಹೊತ್ತು. ನಮ್ಮ ಕಡೆ ಕಾರ್ಖಾನೆಗೆ ಹೋಗುವ ಕಡೇ ಗಾಡಿ ಎಂದರೆ ಮದುವೆ ದಿಬ್ಬಣವಿದ್ದಂತೆ. ಟ್ರ್ಯಾಕ್ಟರ್ ತೊಳೆದು, ಬಾಳೆಕಂಬ ಕಟ್ಟಿ, ದೀಪ ಹಚ್ಚಿ, ಗುಲಾಲು ಹಾರಿಸಿ, ಹಲಗೆ ಬಾರಿಸುತ್ತ ಕರೆದೊಯ್ಯುತ್ತಾರೆ. ನಮ್ಮ ಕಬ್ಬು ಕೊಯ್ಯುವ ಗುಂಪಿನ ಕಡೇ ಗಾಡಿ ಆ ವರ್ಷ ನನ್ನ ಪಾಲಿಗೆ ಬಂದಿತ್ತು. ಟ್ರ್ಯಾಕ್ಟರ್ ಮಾತ್ರ ನನ್ನದಲ್ಲ, ಹೆಂಡತಿಯ ಅಣ್ಣ ರಾವಸಾಹೇಬನದು.

"ದಾಜಿ, ಹೆಂಗ ಬೇಕಾದ್ರೂ ಸಿಂಗಾರ ಮಾಡ್ರಿ. ಆದ್ರ ಗಾಡಿ ಹೆಂಗ ಕೊಟ್ಟೇನೋ ಹಂಗ ತಿರುಗಿ ಬರಬೇಕು. ಬಂದ್ರ ಮುಂದಿನ ಹಂಗಾಮಿಗೂ ನೀವ ಡ್ರೈವರ್. ಬರಲಿಲ್ಲ ಅಂದ್ರ ಕೊಯ್ತದ ಕೆಲಸಕ್ಕ ಹೊಂಡ್ರಿ," ಎಂದಿದ್ದ. ದಾಜಿ ಎಂದರೆ ನಮ್ಮ ಕಡೆ ಅಕ್ಕ-ತಂಗಿಯರ ಗಂಡ.

ಆ ಸೀಟಿಗಾಗಿ ನಾನು ಹತ್ತು ವರ್ಷ ಕಬ್ಬು ಹೊತ್ತಿದ್ದೆ. ನಮ್ಮ ಕಾರ್ಖಾನೆ ಅರೆದದ್ದರಲ್ಲಿ ಅರ್ಧ ಕಬ್ಬು ನನ್ನ ಹೆಗಲ ಮೇಲೆಯೇ ಹೋಗಿದೆ ಎಂದಿಟ್ಟುಕೊಳ್ಳಿ.

ದೀಪದ ಸರ ಕಟ್ಟುವುದು ನನ್ನ ಹಳೆಯ ಹುಚ್ಚು. ಬಣ್ಣ ಓಡುವ, ಕುಣಿಯುವ, ಹಾವಿನಂತೆ ಹರಿಯುವ ಸರವೊಂದನ್ನು ಮೊಬೈಲಿನಲ್ಲಿ ನೋಡಿದೆ. ಹೊರದೇಶದ ಮಾರಾಟಗಾರ. ಬೆಲೆ ನಮ್ಮೂರಿನದರ ಅರ್ಧ. ಒತ್ತಿಬಿಟ್ಟೆ.

ಅದನ್ನು ತೋರಿಸಿ ಹೊಟ್ಟೆ ಉರಿಸೋಣವೆಂದು ಸುಲ್ತಾನಾಳ ಅಂಗಡಿಗೆ ಹೋದೆ. ಸುಲ್ತಾನಾ ಐಟಿಐ ಕಲಿತ ಹುಡುಗಿ. ಬಸ್ ಸ್ಟ್ಯಾಂಡ್ ಹತ್ತಿರ ವೈರು, ಬಲ್ಬು, ಮೋಟಾರು ರಿಪೇರಿಯ ಅಂಗಡಿ ಇಟ್ಟಿದ್ದಾಳೆ.

"ಏ ಸುಲ್ತಾನಾ, ಇನ್ನ ನಿನ್ನ ಅಂಗಡಿಗೆ ಕೀಲಿ ಹಾಕಬೇ! ನನ್ನ ಸರ ಹಡಗಿನ್ಯಾಗ ಬರಾಕತ್ತೈತಿ."

ಅವಳು ಮೊಬೈಲ್ ನೋಡಿದಳು. "ಛಲೋ ಐತ್ರಿ ಅಣ್ಣಾ. ಆದ್ರ ಇದು ಎಷ್ಟು ವೋಲ್ಟಿಂದು ಓದೀರೇನ?"

"ದೀಪಕ್ಕ ಓದು ಯಾಕ? ಹಚ್ಚಿದ್ರ ಹತ್ತತೈತಿ."

"ಐದು ವೋಲ್ಟ್ ಅಂತ ಬರದೈತ್ರಿ. ಟ್ರ್ಯಾಕ್ಟರ್ ಬ್ಯಾಟರಿ ಹನ್ನೆರಡು."

"ಮತ್ತ ಬೇಸಾತಲ್ಲ! ಐದಕ್ಕ ಇಷ್ಟು ಕುಣಿಯೂದು ಹನ್ನೆರಡಕ್ಕ ಹಾರತೈತಿ. ಕಬ್ಬಿಗೆ ನೀರು ಹೆಚ್ಚು ಬಿಟ್ರ ಕಬ್ಬು ಹೆಚ್ಚು ಬೆಳಿಯೂದಿಲ್ಲೇನ?"

ಸುಲ್ತಾನಾ ನಕ್ಕಳು. "ಅಣ್ಣಾ, ಹೊಳಿದಂಡಿ ಹೊಲಕ್ಕೆಲ್ಲಾ ಹಂಗ ನೀರು ಬಿಟ್ಟು ಬಿಟ್ಟ ಸವುಳ ಆಗೇತಿ. ಈಗ ಅಲ್ಲಿ ಹುಲ್ಲೂ ಹುಟ್ಟೂದಿಲ್ಲ. ದೀಪಕ್ಕೂ ಅದ ಲೆಕ್ಕ."

ಮಾತು ಚುಚ್ಚಿತು. "ನಿನಗ ನಿನ್ನ ಮಾಲು ಹೋಗಬೇಕು, ಅದಕ್ಕ ಹೊರದೇಶದ್ದಕ್ಕ ಹೆಸರಿಡ್ತಿ," ಎಂದೆ.

"ನನ್ನ ಅಂಗಡ್ಯಾಗಿನ ಬಲ್ಬೂ ಎಷ್ಟೋ ಹೊರದೇಶದ್ದವ ಅದಾವ್ರಿ. ಹೊರಗಿಂದು ಅಂದಕೂಡ್ಲೆ ಕೆಟ್ಟದ್ದಲ್ಲ. ಆದ್ರ ನಾ ನಿಮ್ಮ ಮುಂದ ಹಚ್ಚಿ ತೋರಿಸಿ ಕೊಡ್ತೀನಿ, ಪಾವತಿ ಚೀಟಿ ಬರದ ಕೊಡ್ತೀನಿ. ಕೆಟ್ರ ನನ್ನ ಜೋಡಿ ಜಗಳಕ್ಕ ರಸ್ತೆ ದಾಟಿದ್ರ ಸಾಕು. ಅವರ ಜೋಡಿ ಜಗಳಕ್ಕ ಸಮುದ್ರ ದಾಟ್ತೀರೇನ?"

ನಾನು ಈಜಿಯೇ ದಾಟುತ್ತೇನೆಂದು ಹೇಳಿ ಎದ್ದು ಬಂದೆ.

ಹತ್ತು ದಿನಕ್ಕೆ ಬರುತ್ತದೆಂದ ಪಾರ್ಸೆಲ್ ನಲವತ್ಮೂರು ದಿನಕ್ಕೆ ಬಂತು, ಕಡೇ ಗಾಡಿಯ ಹಿಂದಿನ ದಿನ. ಒಳಗಿನ ಚೀಟಿಯ ಲಿಪಿ ಕನ್ನಡವೂ ಅಲ್ಲ, ಮರಾಠಿಯೂ ಅಲ್ಲ, ಇಂಗ್ಲಿಷೂ ಅಲ್ಲ. ಸರ ತೆಳ್ಳಗೆ ಶಾವಿಗೆಯಂತಿತ್ತು.

ನನ್ನ ಹೆಂಡತಿ ದ್ರೌಪದಿ ಅದನ್ನು ಮುಟ್ಟಿ ನೋಡಿ, "ಒಮ್ಮೆ ಸುಲ್ತಾನಾಗ ತೋರಿಸ್ರಿ. ಗಾಡಿ ಮ್ಯಾಲೆಲ್ಲಾ ಒಣ ರವದಿ ಇರ್ತೈತಿ," ಎಂದಳು. ರವದಿ ಎಂದರೆ ಕಬ್ಬಿನ ಒಣಗಿದ ಎಲೆ. ಕಿಡಿ ಕಂಡರೆ ಸಾಕು ಅದಕ್ಕೆ.

"ಹೆಂಗಸರ ಅಂಜಿಕಿ!" ಎಂದೆ.

ಮರುದಿನ ಸಂಜೆ ತುಂಬಿದ ಟ್ರೇಲರಿನ ಸುತ್ತ ಸರ ಸುತ್ತಿ, ವೈರಿನ ತುದಿಯನ್ನು ನೇರ ಬ್ಯಾಟರಿಗೆ ಸಿಕ್ಕಿಸಿದೆ. ಆಹಾ! ಬೆಳಕೆಂದರೆ ಬೆಳಕು! ಅಥಣಿಯಲ್ಲಿ ಕೋಳಿಗಳು ಬೆಳಗಾಯಿತೆಂದು ಕೂಗಿದವು. ಆಗಲೇ ಆ ವಿಮಾನ…

ಹೋದ ತಿಂಗಳು ನಮ್ಮ ಓಣಿಯ ಮಹಿಳಾ ಸಂಘದ ಸಭೆಯಲ್ಲಿ ಈ ಕಥೆಯನ್ನು ಸರಿಯಾಗಿ ಇಲ್ಲಿಗೆ ತಂದಿದ್ದೆ. ಹೆಂಗಸರು ಬಾಯಿ ತೆರೆದು ಕೇಳುತ್ತಿದ್ದರು. ಹಿಂದಿನ ಸಾಲಿನಲ್ಲಿ ದ್ರೌಪದಿ ಎದ್ದು ನಿಂತಳು.

"ವಿಮಾನ ಆಮ್ಯಾಲ ಇಳಸ್ರಿ. ಮೊದಲ ನೀವು ಯಾವ ಕಡೆ ಓಡಿದ್ರಿ, ಅದನ್ನ ಹೇಳ್ರಿ."

ಸಭೆ ಗೊಳ್ಳೆಂದಿತು. ಸುಲ್ತಾನಾ ಕೂಡ ಅಲ್ಲೇ ಕೂತಿದ್ದಳು. ಇನ್ನು ತಪ್ಪಿಸಿಕೊಳ್ಳಲು ದಾರಿ ಇರಲಿಲ್ಲ. ಅಂದು ಅವರಿಗೆ ಒಪ್ಪಿಸಿದ್ದನ್ನೇ ನಿಮಗೂ ಒಪ್ಪಿಸುತ್ತೇನೆ.

ಸರ ಬೆಳಗಿದ್ದು ಎರಡು ಉಸಿರಿನಷ್ಟು ಹೊತ್ತು. ಆಮೇಲೆ ಸುಟ್ಟ ವಾಸನೆ ಬಂತು. ವೈರು ಕರಗಿ ರವದಿಯ ಮೇಲೆ ತೊಟ್ಟಿಕ್ಕಿತು, ಒಂದು ಮೂಲೆ ಭಗ್ಗೆಂದಿತು. ನಾನು ಓಡಿದೆ. ಗಾಡಿಯ ಕಡೆಗಲ್ಲ, ಹೊಳೆಯ ಕಡೆಗೆ. ಮೊದಲು ಬ್ಯಾಟರಿಯ ವೈರು ಕಿತ್ತವಳು ದ್ರೌಪದಿ. ಟ್ರ್ಯಾಕ್ಟರ್ ತೊಳೆಯಲು ತಂದಿಟ್ಟ ನೀರಿನ ಬಕೆಟ್ಟುಗಳನ್ನು ರವದಿಗೆ ಸುರಿದವಳೂ ಅವಳೇ. ನಾನು ತಿರುಗಿ ಬರುವಷ್ಟರಲ್ಲಿ ಬರೀ ಹೊಗೆ ಉಳಿದಿತ್ತು. ಸುಟ್ಟದ್ದು ಒಂದು ತೆಕ್ಕೆ ಕಬ್ಬು ಮತ್ತು ನನ್ನ ಮಾನ.

ವಿಮಾನ ಬರಲಿಲ್ಲ. ಬಂದದ್ದು ಸುಲ್ತಾನಾಳ ಸ್ಕೂಟಿ. ದ್ರೌಪದಿ ಮಧ್ಯಾಹ್ನವೇ ಫೋನು ಮಾಡಿದ್ದಳಂತೆ. ಸುಲ್ತಾನಾ ಹನ್ನೆರಡು ವೋಲ್ಟಿನ ದಪ್ಪ ವೈರಿನ ಸರ ತಂದಿದ್ದಳು. ಮೊದಲು ನೆಲದ ಮೇಲೆ ಬಿಚ್ಚಿ ಹಚ್ಚಿ ನೋಡಿದಳು. ಬ್ಯಾಟರಿಯ ಹತ್ತಿರವೇ ಫ್ಯೂಸ್ ಹಾಕಿದಳು. ಸರವನ್ನು ರವದಿಗೆ ತಾಗದಂತೆ ಟ್ರೇಲರಿನ ಕಬ್ಬಿಣದ ಚೌಕಟ್ಟಿಗೆ ಮಾತ್ರ ಕಟ್ಟಿದಳು.

"ಕುಣಿಯೂದಿಲ್ಲ್ರಿ ಅಣ್ಣಾ, ಸುಮ್ಮ ನಿಂತ ಬೆಳಗತೈತಿ. ನಡೀತೈತಿಲ್ಲ?" ಎಂದಳು.

"ನಡೀತೈತವ್ವಾ," ಎಂದೆ. ಆ ದಿನ ನಾನು ಆಡಿದ ಚಿಕ್ಕ ಮಾತು ಅದೊಂದೇ.

ಗಾಡಿ ಒಂದು ತಾಸು ತಡವಾಗಿ, ಹಲಗೆ ಬಾರಿಸುತ್ತ ಕಾರ್ಖಾನೆ ಮುಟ್ಟಿತು. ರಾವಸಾಹೇಬ ಗಾಡಿಯನ್ನು ಸುತ್ತಿ ನೋಡಿದ. ಹೊಗೆ ಹತ್ತಿದ ಮೂಲೆ ಕಂಡ, ಗಾಡಿಗೆ ಬೇರೇನೂ ಆಗಿಲ್ಲವೆಂದೂ ಕಂಡ. "ಮುಂದಿನ ಹಂಗಾಮಿಗೆ ಡ್ರೈವರ್ ನೀವ. ಆದ್ರ ದೀಪದ ಖಾತೆ ನಮ್ಮ ದ್ರೌಪದೀದು," ಎಂದ. ಅಂದಿನಿಂದ ನಮ್ಮ ಮನೆಗೆ ಯಾವ ಸರ ಬಂದರೂ ಮೊದಲು ಅವಳು ಓದುತ್ತಾಳೆ, ಆಮೇಲೆ ನಾನು ಕಟ್ಟುತ್ತೇನೆ.

ಅಣ್ಣಂದಿರೇ, ಅಕ್ಕಂದಿರೇ, ಹೊರದೇಶದಿಂದ ತರಿಸಬೇಡಿ ಎಂದು ನಾನು ಹೇಳುತ್ತಿಲ್ಲ. ಸುಲ್ತಾನಾಳೂ ಹೇಳುವುದಿಲ್ಲ. ತರಿಸುವ ಮೊದಲು ವೋಲ್ಟ್ ಎಷ್ಟು ಓದಿ. ಕೆಟ್ಟರೆ ತಿರುಗಿ ತಗೊಳ್ಳುತ್ತಾರೋ ಇಲ್ಲವೋ ಕೇಳಿ. ಹಬ್ಬಕ್ಕೆ ಬೇಕಾದ್ದನ್ನು ಹಬ್ಬದ ಬಾಯಿಗೆ ತರಿಸಬೇಡಿ. ಊರಲ್ಲಿ ಕೊಂಡರೂ ಹಚ್ಚಿ ನೋಡದೆ, ಪಾವತಿ ಚೀಟಿ ಇಲ್ಲದೆ ಕೊಳ್ಳಬೇಡಿ. ಗೊತ್ತಾಗದಿದ್ದರೆ ಬಲ್ಲವರನ್ನು ಕೇಳಿ, ಕೇಳಿದರೆ ಮೀಸೆ ಉದುರುವುದಿಲ್ಲ. ನನ್ನದು ಇನ್ನೂ ಹಾಗೇ ಇದೆ, ಬಂದು ನೋಡಿ.

ಇನ್ನೊಂದು ಉಳಿಯಿತು. ಸುಲ್ತಾನಾಳ ಅಂಗಡಿಯ ಬಾಗಿಲಿಗೆ ಸುಟ್ಟು ಕರಕಾದ ಸರವೊಂದು ನೇತಾಡುತ್ತಿದೆ, ಗಿರಾಕಿಗಳು ನೋಡಿ ಕಲಿಯಲೆಂದು. ಯಾರದೆಂದು ಕೇಳಿದವರಿಗೆಲ್ಲ ಇಷ್ಟು ದಿನ ನಾನು "ತೆಲಸಂಗದ ಯಾವನೋ ಶಾಣ್ಯಾಂದು" ಎನ್ನುತ್ತಿದ್ದೆ.

ತೆಲಸಂಗದವರೇ, ಕ್ಷಮಿಸಿಬಿಡಿ. ಅದು ನನ್ನದೇ.