ಕಿರುಬೆರಳ ಸನ್ನೆ

ಲುಡ್ವಿಕ್ ಹೌಸ್ಕಾನ ಬಲಗಿವಿ ಎಂದೋ ಹೋಗಿತ್ತು. ಆ ಚಳಿಗಾಲಕ್ಕೆ ಎಡಗಿವಿಯೂ ಕೈಕೊಟ್ಟಿತು. ವರ್ಷಗಟ್ಟಲೆ ಅಮೆರಿಕನ್ ಫುಟ್‌ಬಾಲ್ ತಂಡದ ಮುಂದಿನ ಸಾಲಿನಲ್ಲಿ ಬಾಗಿ ನಿಂತು, ಎದುರಿನವರಿಗೆ ತಲೆಯಿಂದಲೇ ಗುದ್ದಿದವನಿಗೆ ಇನ್ನೇನಾಗಬೇಕು? ಹೆಲ್ಮೆಟ್ ತಲೆ ಕಾಯುತ್ತದೆ ಎಂದು ಹೇಳಿದ ಮಹಾನುಭಾವರು ಅದನ್ನು ಹಾಕಿಕೊಂಡು ಒಂದು ದಿನವೂ ಗುದ್ದಿಸಿಕೊಂಡವರಲ್ಲ.

ಸಾಲಿನ ಹಿಂದೆ ನಿಂತು, ಆಟ ನಡೆಸುವ ಹುಡುಗ ಡೆಲ್ ಎಣಿಕೆ ಕೂಗುತ್ತಾನೆ. ಮೊದಲೇ ಮಾತಾಡಿಕೊಂಡ ಎಣಿಕೆ ಬಂದೊಡನೆ ನಡುವಿನಲ್ಲಿರುವ ಸ್ತಾಶ್ ಚೆಂಡನ್ನು ಅವನ ಕೈಗೆ ಕೊಡಬೇಕು, ಸಾಲಿಗೆ ಸಾಲೇ ಒಟ್ಟಿಗೆ ಮುನ್ನುಗ್ಗಬೇಕು. ಬೇಗ ಹೊರಟರೆ ದಂಡ, ತಡವಾದರೆ ಎದುರಿನವರು ನುಗ್ಗಿ ಡೆಲ್‌ನನ್ನು ನೆಲಕ್ಕೆ ಕೆಡವುತ್ತಾರೆ. ಕಿವಿ ಕೇಳದವನಿಗೆ ಅಲ್ಲಿ ಜಾಗವಿಲ್ಲ. ಬೇಸಿಗೆಯಲ್ಲಿ ಉಕ್ಕಿನ ಕಾರ್ಖಾನೆಯಲ್ಲಿ ಲುಡ್ವಿಕ್ ಹತ್ತರಲ್ಲಿ ಹನ್ನೊಂದನೆಯವನು. ಈ ಸಾಲಿನಲ್ಲಿ ಮಾತ್ರ ಅವನು ಲುಡ್ವಿಕ್ ಆಗಿದ್ದ. ಅದಕ್ಕೇ ಬಾಯಿ ಬಿಡಲಿಲ್ಲ.

ಗೊತ್ತಿದ್ದದ್ದು ಎಡಕ್ಕೆ ನಿಲ್ಲುತ್ತಿದ್ದ ಆರ್ಲೊ ಒಬ್ಬನಿಗೇ, ಎಂದು ಲುಡ್ವಿಕ್ ನಂಬಿದ್ದ. ಇಬ್ಬರೂ ಹುಲ್ಲಿನ ಮೇಲೆ ಕೈಯೂರಿ ಬಾಗಿದಾಗ ಆರ್ಲೊನ ಕಿರುಬೆರಳು ಅವನ ಕಿರುಬೆರಳಿಗೆ ತಾಗಿರುತ್ತಿತ್ತು. ಎಣಿಕೆ ಬಂದಾಗ ಒಂದು ಒತ್ತು. ಅಷ್ಟೇ ಸಾಕಿತ್ತು.

ವರ್ಷದ ಕೊನೆಯ ಆಟದಲ್ಲಿ, ಹೆಪ್ಪುಗಟ್ಟಿದ ನೆಲದ ಮೇಲೆ, ಆರ್ಲೊನ ಮೊಣಕಾಲು ಮುರಿಯಿತು. ಅವನನ್ನು ಹೊತ್ತೊಯ್ದರು. ಬದಲಿಗೆ ಬಂದವನು ಎರಡೂ ಕೈಯನ್ನು ತನ್ನ ಪಾಡಿಗೆ ಇಟ್ಟುಕೊಂಡ. ಲುಡ್ವಿಕ್ ಕಣ್ಣಂಚಿನಲ್ಲಿ ಚೆಂಡು ನೋಡುತ್ತ ಕಾದ. ಅದು ಕದಲಿದ್ದು ಕಾಣುವಷ್ಟರಲ್ಲಿ ಎದುರಿನವನು ಅವನನ್ನು ದಾಟಿ ಹೋಗಿದ್ದ. ಹಿಂದೆ ಡೆಲ್ ಮಣ್ಣಿನಲ್ಲಿ ಮುಖ ಅಡಿಯಾಗಿ ಬಿದ್ದಿದ್ದ, ಬಾಯಿಂದ ರಕ್ತ ಬರುತ್ತಿತ್ತು. ಮರುಸಲವೂ ಹಾಗೇ ಆಯಿತು.

ಲುಡ್ವಿಕ್‌ಗೆ ತನ್ನ ಮೇಲೇ ಹೇಸಿಗೆಯಾಯಿತು. ಅವನು ನೇರ ಕೋಚ್ ಗಾರ್ವಿಯ ಮುಂದೆ ಹೋಗಿ ನಿಂತ.

"ಕೋಚ್, ನಂಗೆ ಕಿವಿ ಕೇಳ್ಸಲ್ಲ. ನನ್ನ ತೆಗೀರಿ. ಆ ಹುಡುಗ ಸತ್ತೋಗ್ತಾನೆ."

ಗಾರ್ವಿ ಅವನ ಹೆಲ್ಮೆಟ್ಟನ್ನು ಎರಡೂ ಕೈಯಲ್ಲಿ ಹಿಡಿದು ತನ್ನ ಕಡೆ ತಿರುಗಿಸಿಕೊಂಡು, ತುಟಿ ಕಾಣುವಂತೆ ನಿಧಾನವಾಗಿ ಹೇಳಿದ.

"ಗೊತ್ತು ಮಾರಾಯ. ನನಗೂ ಗೊತ್ತು, ಡೆಲ್‌ಗೂ ಗೊತ್ತು. ನೀನೇ ಬಂದು ಹೇಳ್ಲಿ ಅಂತ ಕಾಯ್ತಿದ್ದೆ. ಕಾಯಬಾರದಿತ್ತು, ತಪ್ಪು ನಂದು."

"ಹಾಗಾದ್ರೆ ಕೂತ್ಕೊಳ್ಳಾ?"

"ಇವತ್ತಿಗೆ ಮುಗೀತು ಕಣೋ. ಇನ್ಮೇಲೆ ನೀನು ಆಡೋ ಹಾಗಿಲ್ಲ. ಆದ್ರೆ ಇವತ್ತಿಂದು ಪೂರ್ತಿ ಆಡಿ ಬಾ. ಸ್ತಾಶ್ ಪಕ್ಕ ಒತ್ತಿ ನಿಂತ್ಕೋ."

ಸ್ತಾಶ್ ಕುಬಿಯಾಕ್ ಎಂದರೆ ತಂಡದ ಮಹಾ ಮುಂಗೋಪಿ, ಲುಡ್ವಿಕ್‌ನನ್ನು ಹೆಸರು ಹಿಡಿದು ಕರೆದವನೇ ಅಲ್ಲ. ಅವನೂ ಮುಖಕ್ಕೆ ಮುಖ ತಂದು ಬಾಯಿ ಅಗಲಿಸಿದ.

"ಏ ಗೂಟ, ಕಾಲು ಇಲ್ಲಿಡು. ನಾನು ತುಳಿದಾಗ ಹೊರಡು. ಕಾಲ್ಚೀಲ ಒಗ್ದಿದೀಯ ತಾನೆ?"

"ನಿನಗೂ ಗೊತ್ತಿತ್ತಾ?"

"ನಿನ್ನ ಬೈದು ಬೈದು ನನ್ನ ಗಂಟಲು ಹೋಯ್ತು, ನೀನು ಒಂದಿನಾನೂ ತಿರುಗಿ ಬೈಲಿಲ್ಲ. ಗೊತ್ತಾಗ್ದೆ ಇರುತ್ತಾ?"

ಲುಡ್ವಿಕ್ ನಕ್ಕ. ಕಣ್ಣು ತುಂಬಿತ್ತು.

ಸ್ತಾಶ್ ಸನ್ನೆ ಮಾಡುವವನಲ್ಲ, ಮೂಳೆ ಮುರಿಯುವ ಹಾಗೆ ತುಳಿಯುವವನು. ಒಂದೊಂದು ತುಳಿತಕ್ಕೂ ಲುಡ್ವಿಕ್ ಎದ್ದು ನುಗ್ಗಿದ. ಡೆಲ್ ಮೈಮೇಲೆ ಮತ್ತೆ ಯಾರೂ ಬೀಳಲಿಲ್ಲ. ತಂಡ ಮೈದಾನದ ಆ ತುದಿಯವರೆಗೂ ಒತ್ತಿಕೊಂಡು ಹೋಯಿತು. ಗೆಲ್ಲಲು ಇನ್ನೊಂದೇ ನುಗ್ಗು ಬೇಕಿತ್ತು. ಸಾಲು ಮತ್ತೆ ಬಾಗಿತು. ಲುಡ್ವಿಕ್ ಕೈಯೂರಿ, ನೆಲ ನೋಡುತ್ತ, ತುಳಿತಕ್ಕೆ ಕಾದ. ಬದುಕಿನಲ್ಲಿ ಇಷ್ಟು ನೆಮ್ಮದಿಯಾಗಿ ಅವನು ಯಾವತ್ತೂ ಕಾದಿರಲಿಲ್ಲ.

ಅಷ್ಟರಲ್ಲಿ ಹೊತ್ತು ಮುಗಿಯಿತು. ಆಟ ಮುಗಿದ ಗುರುತಿಗೆ ಪಿಸ್ತೂಲು ಸಿಡಿಯಿತು. ಎದುರಿನವರು ಎದ್ದು ಕುಣಿದರು, ಪಕ್ಕದವರು ಸೋತ ಮುಖ ಮಾಡಿಕೊಂಡು ಹೊರಟರು, ರೆಫರಿ ಬಂದು ಸ್ತಾಶ್‌ನ ಕೈಯಿಂದ ಚೆಂಡು ತೆಗೆದುಕೊಂಡು ಹೋದ.

ಲುಡ್ವಿಕ್ ಮಾತ್ರ ತುಳಿತಕ್ಕೆ ಕಾಯುತ್ತ ಬಾಗಿಯೇ ಇದ್ದ. ಸ್ತಾಶ್ ಅವನನ್ನೊಮ್ಮೆ ನೋಡಿದ. ಬರಿಗೈಯನ್ನು ನೆಲಕ್ಕೆ ಊರಿ ಅವನೂ ಹಾಗೇ ಬಾಗಿ ನಿಂತ, ಪಕ್ಕದ ಪಾದಕ್ಕೆ ತನ್ನ ಪಾದ ತಾಗಿಸಿಕೊಂಡು.